ಖಾಲಿ ಕ್ರೇಟಿನ ತೂಕ: ಪ್ಲಸೀಬೋ ಅಂದ್ರೆ ಮನಸ್ಸಿನ ಪವಾಡ ಅಲ್ಲ ಕಣ್ರೀ

ಚಿಂತಾಮಣಿಯಲ್ಲಿ ನಂದೊಂದು ಸಣ್ಣ ಮೆಡಿಕಲ್ ಸ್ಟೋರ್ ಇದೆ. ಇಲ್ಲಿ ಮಾತ್ರೆ ಹೆಸರು ಹೇಳೋರು ಕಮ್ಮಿ, ಬಣ್ಣ ಹೇಳೋರೇ ಜಾಸ್ತಿ. "ಅಣ್ಣಾ, ಹೋದ್ಸಲ ಕೆಂಪು ಶೀಟ್ ಕೊಟ್ಟಿದ್ದೆಯಲ್ಲ, ಅದೇ ಕೊಡು, ಈ ಬಿಳೀದು ನಂಗೆ ನಾಟಲ್ಲ" ಅಂತಾರೆ, ಕಂಪನಿ ಬೇರೆ ಅಷ್ಟೇ ಅಜ್ಜಿ, ಒಳಗಿರೋ ಔಷಧಿ ಅದೇ, ಮಿಲಿಗ್ರಾಮೂ ಅದೇ ಅಂತ ಶೀಟ್ ತಿರುಗಿಸಿ ತೋರಿಸಿದ್ರೂ ಒಪ್ಪಲ್ಲ, ನಾನೇನೋ ಕಮ್ಮಿ ರೇಟಿಂದು ತಂದು ಕಾಸು ಉಳಿಸ್ತಾ ಇದೀನಿ ಅನ್ನೋ ತರ ನೋಡ್ತಾರೆ. ಅಂಗಡಿ ಹಾಕಿದ ಹೊಸದ್ರಲ್ಲಿ ನಂಗೆ ನಗು ಬರ್ತಿತ್ತು. ಆಮೇಲೆ ಇಂಗ್ಲೆಂಡಲ್ಲಿ 1981ರಲ್ಲಿ ಆದ ಒಂದು ಪ್ರಯೋಗದ ಬಗ್ಗೆ ಓದ್ದೆ, ತಲೆನೋವಿಗೆ ಮಾತ್ರೆ ನುಂಗೋ 835 ಹೆಂಗಸ್ರನ್ನ ನಾಲ್ಕು ಗುಂಪು ಮಾಡಿ, ಒಂದು ಗುಂಪಿಗೆ ಹೆಸರುವಾಸಿ ಬ್ರ್ಯಾಂಡಿನ ಪೊಟ್ಟಣದಲ್ಲಿ ಆಸ್ಪಿರಿನ್, ಇನ್ನೊಂದಕ್ಕೆ ಹೆಸರಿಲ್ಲದ ಪೊಟ್ಟಣದಲ್ಲಿ ಅದೇ ಆಸ್ಪಿರಿನ್, ಮತ್ತೊಂದಕ್ಕೆ ಬ್ರ್ಯಾಂಡ್ ಪೊಟ್ಟಣದಲ್ಲಿ ಸುಳ್ಳು ಮಾತ್ರೆ (ನೋಡಕ್ಕೆ ಮಾತ್ರೆ, ಒಳಗೆ ಔಷಧಿನೇ ಇರಲ್ಲ, ಪ್ಲಸೀಬೋ ಅನ್ನೋದು ಇದಕ್ಕೇ), ಕೊನೇದಕ್ಕೆ ಹೆಸರಿಲ್ಲದ ಪೊಟ್ಟಣದಲ್ಲಿ ಸುಳ್ಳು ಮಾತ್ರೆ ಕೊಟ್ಟಿದ್ರು. ಆಸ್ಪಿರಿನ್ ಸುಳ್ಳು ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡ್ತು, ಅದು ಸರಿ. ಆದ್ರೆ ಪೊಟ್ಟಣದ ಮೇಲಿನ ಹೆಸರೂ ಸ್ವಲ್ಪ ಕೆಲಸ ಮಾಡ್ತು. ಅಂದ್ರೆ ನಮ್ಮ ಅಜ್ಜಿ ಹೇಳಿದ್ದು ಪೂರ್ತಿ ತಲೆಹರಟೆ ಅಲ್ಲ.

ಇಷ್ಟು ಕೇಳಿದ್ರೆ ಸಾಕು, ನಮ್ಮ ಜನ ತಕ್ಷಣ ಒಂದು ತೀರ್ಮಾನಕ್ಕೆ ಬರ್ತಾರೆ: ನೋಡಿದ್ರಾ, ಎಲ್ಲಾ ಮನಸ್ಸಲ್ಲೇ ಇರೋದು, ನಂಬಿಕೆ ಇದ್ರೆ ಕ್ಯಾನ್ಸರೂ ಹೋಗುತ್ತೆ. ಯೂಟ್ಯೂಬಲ್ಲಿ ಪ್ಲಸೀಬೋ ಅಂತ ಹುಡುಕಿ, ಹತ್ರಲ್ಲಿ ಎಂಟು ವಿಡಿಯೋ ಇದೇ ಹೇಳ್ತವೆ. ನನ್ನ ತಕರಾರು ಇರೋದೇ ಇಲ್ಲಿ. ವೈದ್ಯಕೀಯ ಸಂಶೋಧನೆಯಲ್ಲಿ ಪ್ಲಸೀಬೋ ಇಟ್ಟಿರೋದು ಮನಸ್ಸಿನ ಶಕ್ತಿ ತೋರ್ಸಕ್ಕಲ್ಲ. ಅದು ಖಾಲಿ ಕ್ರೇಟಿನ ತೂಕ.

ಕೋಲಾರದ ಟೊಮೇಟೊ ಮಾರ್ಕೆಟ್ ನೋಡಿದೋರಿಗೆ ಇದು ಬಿಡಿಸಿ ಹೇಳ್ಬೇಕಿಲ್ಲ. ಹಣ್ಣು ತುಂಬಿದ ಕ್ರೇಟ್ ತಕ್ಕಡಿ ಮೇಲೆ ಇಟ್ರೆ ಮುಳ್ಳು ತೋರ್ಸೋದು ಹಣ್ಣಿನ ತೂಕ ಒಂದೇ ಅಲ್ಲ, ಕ್ರೇಟಿನ ತೂಕನೂ ಸೇರಿರುತ್ತೆ. ಖಾಲಿ ಕ್ರೇಟ್ ಎಷ್ಟು ತೂಗುತ್ತೆ ಅಂತ ಗೊತ್ತಿಲ್ದೆ ಹಣ್ಣು ಎಷ್ಟು ಅಂತ ಹೇಳಕ್ಕಾಗಲ್ಲ. ಔಷಧಿ ಕುಡಿದು ವಾಸಿ ಆಯ್ತು ಅನ್ನೋದು ತುಂಬಿದ ಕ್ರೇಟಿನ ತೂಕ. ಅದ್ರಲ್ಲಿ ಔಷಧಿ ಪಾಲು ಎಷ್ಟು ಅಂತ ಗೊತ್ತಾಗ್ಬೇಕಾದ್ರೆ ಔಷಧಿ ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ಇರೋ ಕ್ರೇಟ್ ಒಂದು ಬೇಕು, ಅದೇ ಬಣ್ಣ, ಅದೇ ಸೈಜು, ಅದೇ ಡಬ್ಬಿ, ಅದೇ ಡಾಕ್ಟ್ರು, ಅದೇ ಚೆಕಪ್, ಒಳಗೆ ಮಾತ್ರ ಲ್ಯಾಕ್ಟೋಸ್ ಪುಡಿನೋ ಸೆಲ್ಯುಲೋಸೋ, ಇಂಜೆಕ್ಷನ್ ಆದ್ರೆ ಉಪ್ಪುನೀರು, ನಾವು ಎನ್‌ಎಸ್ ಅಂತೀವಲ್ಲ ಅದು.

ಈಗ ಆ ಖಾಲಿ ಕ್ರೇಟಲ್ಲಿ ಏನೇನಿದೆ ಅನ್ನೋದೇ ಮಜಾ ಇರೋ ವಿಷ್ಯ, ಯಾಕಂದ್ರೆ ಅದು ಖಾಲಿ ಅಲ್ವೇ ಅಲ್ಲ.

ಮೊದಲ್ನೇದು, ತಾನಾಗೇ ವಾಸಿ ಆಗೋದು. ನಮ್ಮ ಕಡೆ ಕಾಮಾಲೆ ಬಂದ್ರೆ ಇವತ್ತಿಗೂ ಆಸ್ಪತ್ರೆಗಿಂತ ಮುಂಚೆ ನಾಟಿ ಔಷಧಿಗೆ ಹೋಗ್ತಾರೆ, ಬೆಳಗಿನ ಜಾವ ಖಾಲಿ ಹೊಟ್ಟೇಲಿ ಸೊಪ್ಪಿನ ರಸ, ಉಪ್ಪು ಖಾರ ಎಣ್ಣೆ ಬಿಡೋದು, ಮೂರು ಭಾನುವಾರ. ಬಹಳ ಜನಕ್ಕೆ ವಾಸೀನೂ ಆಗುತ್ತೆ. ಆದ್ರೆ ನೀರಿಂದ ಬರೋ ಹೆಪಟೈಟಿಸ್ ಎ ಏನೂ ಕೊಡ್ದೇ ಇದ್ರೂ ಬಹುಪಾಲು ಜನಕ್ಕೆ ಕೆಲವು ವಾರದಲ್ಲಿ ಹೋಗುತ್ತೆ. ಮೂರು ಭಾನುವಾರ ಅಂದ್ರೆ ಎಷ್ಟು ವಾರ, ನೀವೇ ಲೆಕ್ಕ ಹಾಕಿ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಂತ ನಮ್ಮೋರು ಸುಮ್ನೆ ಹೇಳ್ಲಿಲ್ಲ. ಸರ್ಪಸುತ್ತಿಗೆ ಕೆಮ್ಮಣ್ಣು ಬಳಿಯೋದೂ ಇದೇ ಕತೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕೊಂಡು ಬಂದಿರೋ ಕಾಮಾಲೆಗೆ ಇದೇ ಸೊಪ್ಪು ಕುಡ್ಕೊಂಡು ಕೂತ್ರೆ ಏನಾಗುತ್ತೆ ಅನ್ನೋದು ಬೇರೆ ಮಾತು.

ಎರಡ್ನೇದು ಸ್ವಲ್ಪ ಸೂಕ್ಷ್ಮ. ನಾವು ಡಾಕ್ಟ್ರ ಹತ್ರ ಹೋಗೋದು ಯಾವಾಗ? ನೋವು ತಡೆಯಕ್ಕಾಗ್ದೇ ಇದ್ದಾಗ. ಏರಿಳಿತ ಇರೋ ಕಾಯಿಲೆ ತುತ್ತತುದೀಲಿದ್ದಾಗ ಹೋದ್ರೆ ಅಲ್ಲಿಂದ ಮುಂದಕ್ಕೆ ಇಳಿಯೋ ಸಾಧ್ಯತೆನೇ ಜಾಸ್ತಿ. ಟೊಮೇಟೊ ರೇಟ್ ನೆಲ ಕಚ್ಚಿದಾಗ ರೈತ ದೇವರಿಗೆ ಹರಕೆ ಹೊರ್ತಾನೆ, 2023ರ ಜುಲೈಯಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿದಾಗ ಯಾರೂ ಹರಕೆ ಹೊರ್ಲಿಲ್ಲ. ಹಂಗಾಗಿ ಹರಕೆ ಹೊತ್ತ ಮೇಲೆ ರೇಟು ಏರಿದ್ದೇ ಎಲ್ರಿಗೂ ನೆನಪಿರುತ್ತೆ. ಅಸ್ತಮಾ, ಮಂಡಿನೋವು, ಸೊಂಟನೋವು, ಅರೆತಲೆನೋವು, ಗ್ಯಾಸ್ಟ್ರಿಕ್ಕು ಎಲ್ಲಾ ಏರಿಳಿತದ ಕಾಯಿಲೆಗಳೇ, ಅದಕ್ಕೇ ಇವಕ್ಕೇ ಊರೂರಿಗೆ ಒಂದೊಂದು ರಾಮಬಾಣ ಇರೋದು, ಮೂಳೆ ಮುರಿದಿದ್ದಕ್ಕೆ ತಾಯತ ಕಟ್ಟೋರು ಕಮ್ಮಿ ನೋಡಿ.

ಮೂರ್ನೇದು, ದಾಕ್ಷಿಣ್ಯ. ಇದನ್ನ ಪುಸ್ತಕದೋರು ದೊಡ್ಡ ದೊಡ್ಡ ಹೆಸರಲ್ಲಿ ಕರೀತಾರೆ, ನನ್ನ ಕೌಂಟರಲ್ಲಿ ಇದು ದಿನಾ ನಡೆಯುತ್ತೆ. "ಹೆಂಗಿದೆ ಈಗ?" ಅಂತ ಡಾಕ್ಟ್ರು ಪ್ರೀತಿಯಿಂದ ಕೇಳಿದ್ರೆ "ಪರವಾಗಿಲ್ಲ ಸಾರ್, ಇಳಿಮುಖ" ಅಂತಾರೆ, ಅಲ್ಲಿಂದ ಬಂದು ನನ್ನ ಹತ್ರ "ಏನೂ ಕಮ್ಮಿ ಆಗಿಲ್ಲ ಅಣ್ಣಾ" ಅಂತಾರೆ. ಡಾಕ್ಟ್ರ ನೋಟ್ಸಲ್ಲಿ ಮಾತ್ರ ಇಳಿಮುಖ ಅಂತಲೇ ದಾಖಲಾಗಿರುತ್ತೆ.

ನಾಲ್ಕ್ನೇದು, ನಿಜವಾದ ನಂಬಿಕೆ ಪರಿಣಾಮ, ನಮ್ಮ ಭಾಷೇಲಿ ಇದಕ್ಕೆ ಚೆನ್ನಾಗಿರೋ ಪದ ಇದೆ, ಕೈಗುಣ. ಇದು ಸುಳ್ಳಲ್ಲ. 1978ರಲ್ಲಿ ಅಮೆರಿಕದಲ್ಲಿ ಬುದ್ಧಿಹಲ್ಲು ಕೀಳಿಸ್ಕೊಂಡೋರ ಮೇಲೆ ಒಂದು ಪ್ರಯೋಗ ಆಯ್ತು, ಸುಳ್ಳು ಇಂಜೆಕ್ಷನ್ನಿಂದ ನೋವು ಕಮ್ಮಿ ಆದೋರಿಗೆ ನಲಾಕ್ಸೋನ್ ಅನ್ನೋ ಔಷಧಿ ಕೊಟ್ಟಾಗ ನೋವು ವಾಪಸ್ ಬಂತು. ನಲಾಕ್ಸೋನ್ ಮಾರ್ಫಿನ್ ಕೆಲಸನ ತಡೆಯೋ ಔಷಧಿ. ಅಂದ್ರೆ ನೋವು ಕಮ್ಮಿ ಆಗುತ್ತೆ ಅಂತ ಕಾಯ್ತಾ ಇದ್ದಾಗ ಮೆದುಳು ತನ್ನದೇ ಮಾರ್ಫಿನ್ ತರದ ವಸ್ತು ಬಿಡುತ್ತೆ ಅನ್ನೋದಕ್ಕೆ ಅದು ಮೊದಲ ಗಟ್ಟಿ ಸುಳಿವು.

ಹಾಗಾದ್ರೆ ಈ ನಾಲ್ಕರಲ್ಲಿ ಕೈಗುಣದ ಪಾಲು ಎಷ್ಟು? ಇಲ್ಲೇ ದೊಡ್ಡ ಎಡವಟ್ಟಾಗಿದ್ದು. 1955ರಲ್ಲಿ ಹೆನ್ರಿ ಬೀಚರ್ ಅನ್ನೋ ಅಮೆರಿಕದ ಅರಿವಳಿಕೆ ಡಾಕ್ಟ್ರು 15 ಅಧ್ಯಯನಗಳನ್ನ ಒಟ್ಟು ಮಾಡಿ, ಸುಮಾರು 35 ಪರ್ಸೆಂಟ್ ರೋಗಿಗಳಿಗೆ ಪ್ಲಸೀಬೋದಿಂದ್ಲೇ ಸಮಾಧಾನ ಸಿಗುತ್ತೆ ಅಂತ ಬರೆದ್ರು. ಆ ಮೂರನೇ ಒಂದು ಭಾಗ ಅನ್ನೋ ಅಂಕಿ ಇವತ್ತಿಗೂ ವಿಡಿಯೋಗಳಲ್ಲಿ ಓಡಾಡ್ತಾ ಇದೆ. ಆದ್ರೆ ಅವರು ಲೆಕ್ಕ ಹಾಕಿದ್ದು ಖಾಲಿ ಕ್ರೇಟಿನ ಒಟ್ಟು ತೂಕ, ಅದ್ರಲ್ಲಿ ತಾನಾಗೇ ವಾಸಿ ಆದೋರು ಎಷ್ಟು, ತುದಿಯಿಂದ ಇಳಿದೋರು ಎಷ್ಟು ಅಂತ ಬೇರೆ ಮಾಡ್ಲಿಲ್ಲ. ಬೇರೆ ಮಾಡ್ಬೇಕಾದ್ರೆ ಮೂರನೇ ಗುಂಪು ಬೇಕು, ಏನೂ ಕೊಡ್ದೇ ಇರೋ ಗುಂಪು. 2001ರಲ್ಲಿ ಡೆನ್ಮಾರ್ಕಿನ ಇಬ್ಬರು ಸಂಶೋಧಕರು ಅಂಥ ಮೂರನೇ ಗುಂಪಿರೋ ಪ್ರಯೋಗಗಳನ್ನ ಹುಡುಕಿ, 114 ಒಟ್ಟು ಮಾಡಿ ನೋಡಿದ್ರು. ನೋವು ಮತ್ತೆ ರೋಗಿ ತನ್ನ ಬಾಯಲ್ಲೇ ಹೇಳೋ ಲಕ್ಷಣಗಳಲ್ಲಿ ಸ್ವಲ್ಪ ವ್ಯತ್ಯಾಸ ಕಾಣ್ತು, ಮಿಕ್ಕಿದ್ರಲ್ಲಿ ಹೇಳ್ಕೊಳ್ಳೋ ಅಂಥದ್ದೇನೂ ಕಾಣ್ಲಿಲ್ಲ.

ಇದನ್ನ ಒಂದೇ ಏಟಿಗೆ ಅರ್ಥ ಮಾಡ್ಸೋ ಪ್ರಯೋಗ ಒಂದಿದೆ, ನಂಗೆ ತುಂಬಾ ಇಷ್ಟ ಅದು, ಅಸ್ತಮಾದ್ದು. ನಮ್ಮ ಕಡೆ ಅಸ್ತಮಾ ಬಗ್ಗೆ ಹೊಸದಾಗಿ ಹೇಳ್ಬೇಕಿಲ್ಲ, ಶಿಡ್ಲಘಟ್ಟದ ಕಡೆ ರೇಷ್ಮೆ ಗೂಡಿನ ಧೂಳಲ್ಲಿ, ಚಿಟ್ಟೆ ಹೊಟ್ಟಲ್ಲಿ ಕೆಲಸ ಮಾಡೋರಿಗೆ ಉಬ್ಬಸ ಗೊತ್ತಿರೋ ಕಾಯಿಲೆನೇ, ಜೂನಲ್ಲಿ ಮೃಗಶಿರ ಮಳೆ ಹೊತ್ತಿಗೆ ಹೈದರಾಬಾದಿಗೆ ಹೋಗಿ ಬಾಯಲ್ಲಿ ಔಷಧಿ ತುಂಬಿದ ಜೀವಂತ ಮೀನು ನುಂಗಿ ಬರೋರೂ ಇದಾರೆ. ಈ ಪ್ರಯೋಗ ಆಗಿದ್ದು ಅಮೆರಿಕದಲ್ಲಿ, ಪ್ರಕಟ ಆಗಿದ್ದು 2011ರಲ್ಲಿ. ಕೊನೇವರೆಗೂ ಉಳಿದೋರು 39 ಜನ. ಒಬ್ಬೊಬ್ಬರಿಗೂ ಬೇರೆ ಬೇರೆ ದಿನ ನಾಲ್ಕೂ ತರ ಮಾಡಿ ನೋಡಿದ್ರು: ಒಂದಿನ ನಿಜವಾದ ಸಾಲ್ಬುಟಮಾಲ್ ಇನ್ಹೇಲರ್, ಒಂದಿನ ಸುಳ್ಳು ಇನ್ಹೇಲರ್, ಒಂದಿನ ಸುಳ್ಳು ಅಕ್ಯುಪಂಕ್ಚರ್, ಒಂದಿನ ಸುಮ್ನೆ ಕೂರ್ಸೋದು. ಸುಳ್ಳು ಅಕ್ಯುಪಂಕ್ಚರ್ ಸೂಜಿ ಅಂದ್ರೆ ನಾಟಕದ ಚಾಕು ತರ, ಒತ್ತಿದ್ರೆ ಒಳಕ್ಕೆ ಜಾರ್ಕೊಳ್ಳುತ್ತೆ, ಚರ್ಮಕ್ಕೆ ಚುಚ್ಚಲ್ಲ.

ಆಮೇಲೆ ಎರಡು ಪ್ರಶ್ನೆ. ಉಸಿರಾಟ ಎಷ್ಟು ಸರಾಗ ಅನ್ನಿಸ್ತು ಅಂತ ಕೇಳಿದಾಗ ನಿಜ ಇನ್ಹೇಲರಿಗೆ 50 ಪರ್ಸೆಂಟ್ ಸುಧಾರಣೆ, ಸುಳ್ಳು ಇನ್ಹೇಲರಿಗೆ 45, ಸುಳ್ಳು ಸೂಜಿಗೆ 46 ಅಂದ್ರು, ಸುಮ್ನೆ ಕೂತಿದ್ದ ದಿನ 21. ಇಲ್ಲಿಗೆ ನಿಲ್ಲಿಸಿದ್ರೆ ಇನ್ಹೇಲರೇ ವೇಸ್ಟು, ನಂಬಿಕೆನೇ ಸಾಕು ಅನ್ಬೇಕು. ಆದ್ರೆ ಮಿಷಿನ್ನಿಗೆ ಊದ್ಸಿ ಶ್ವಾಸಕೋಶ ಎಷ್ಟು ತೆರೀತು ಅಂತ ಅಳೆದಾಗ ನಿಜ ಇನ್ಹೇಲರಲ್ಲಿ 20 ಪರ್ಸೆಂಟ್ ಸುಧಾರಣೆ, ಮಿಕ್ಕ ಮೂರರಲ್ಲೂ, ಸುಮ್ನೆ ಕೂತಿದ್ದೂ ಸೇರಿ, ಸುಮಾರು 7.

ಎರಡು ಸಲ ಓದಿ ಇದನ್ನ. ಸುಳ್ಳು ಮದ್ದಿಂದ ರೋಗಿಗೆ ಸರಾಗ ಅನ್ನಿಸ್ತು, ಅದು ಸುಳ್ಳಲ್ಲ, ಅವರಿಗೆ ನಿಜವಾಗ್ಲೂ ಹಾಗನ್ನಿಸ್ತು. ಆದ್ರೆ ಶ್ವಾಸನಾಳ ಮುಚ್ಕೊಂಡಿದ್ದು ಮುಚ್ಕೊಂಡೇ ಇತ್ತು. ಅಸ್ತಮಾದಲ್ಲಿ ಇದಕ್ಕಿಂತ ಅಪಾಯ ಇನ್ನೇನಿದೆ ಹೇಳಿ, ನಾಳ ಮುಚ್ಚಿರೋವಾಗ ಪರವಾಗಿಲ್ಲ ಅನ್ಸಿದ್ರೆ ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಓಡ್ಬೇಕಾದೋನು ಮಲಗೇ ಇರ್ತಾನೆ. ಪ್ಲಸೀಬೋ ಹೊಗಳೋ ವಿಡಿಯೋಗಳಲ್ಲಿ ಮೊದಲ್ನೇ ಸಾಲಿನ ಅಂಕಿ ಹೇಳ್ತಾರೆ, ಎರಡ್ನೇ ಸಾಲು ನಾನಂತೂ ಕೇಳಿಲ್ಲ.

ಈ ಪದ ಬಂದಿದ್ದೂ ಚೆನ್ನಾಗಿದೆ. ಲ್ಯಾಟಿನಲ್ಲಿ ಪ್ಲಸೀಬೋ ಅಂದ್ರೆ ಮೆಚ್ಚಿಸ್ತೀನಿ ಅಂತ, ಚರ್ಚಲ್ಲಿ ಸತ್ತೋರಿಗೆ ಹೇಳೋ ಪ್ರಾರ್ಥನೆಯ ಒಂದು ಸಾಲು ಆ ಪದದಿಂದ ಶುರುವಾಗ್ತಿತ್ತಂತೆ, ಸಂಬಂಧ ಇಲ್ದೇ ಇದ್ರೂ ಬಂದು ಅದನ್ನ ಹಾಡಿ ಊಟ ಗಿಟ್ಟಿಸ್ತಿದ್ದೋರಿಗೂ ಅದೇ ಹೆಸ್ರು ಬಿತ್ತು. ಆಮೇಲೆ ರೋಗಿನ ಮೆಚ್ಚಿಸಕ್ಕೆ ಕೊಡೋ ಔಷಧಿಗೆ ಬಂತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಮೈ ಕೈ ನೋವು ಅಂತ ಬಂದೋರು ಸೂಜಿ ಹಾಕ್ದೇ ಇದ್ರೆ ಆ ಡಾಕ್ಟ್ರನ್ನೇ ಬಿಟ್ಟು ಪಕ್ಕದ ಬೀದಿಗೆ ಹೋಗ್ತಾರೆ, ಸುಸ್ತು ಅಂದ್ರೆ ಗ್ಲೂಕೋಸ್ ಬಾಟ್ಲಿ ಹಾಕ್ಸ್ಲೇಬೇಕು, ಅರ್ಧ ಬಾಟ್ಲಿ ಇಳಿಯೋ ಹೊತ್ತಿಗೆ ಮುಖದಲ್ಲಿ ಕಳೆ. ಅದರಲ್ಲಿರೋ ಸಕ್ಕರೆ ಎಷ್ಟು ಅಂತ ನಂಗೊತ್ತು, ಐದು ಪರ್ಸೆಂಟಿನ ಅರ್ಧ ಲೀಟ್ರಲ್ಲಿ 25 ಗ್ರಾಂ, ಒಂದು ಲೋಟ ಪಾನಕದಷ್ಟು.

ಸುಳ್ಳು ಮದ್ದಿಟ್ಟು ನಿಜ ಕಂಡುಹಿಡಿಯೋ ಐಡಿಯಾ ಹೊಸದೇನಲ್ಲ. 1784ರಲ್ಲಿ ಪ್ಯಾರಿಸಲ್ಲಿ ಮೆಸ್ಮರ್ ಅನ್ನೋನು ಕಣ್ಣಿಗೆ ಕಾಣದ ಅಯಸ್ಕಾಂತ ಶಕ್ತಿಯಿಂದ ಕಾಯಿಲೆ ವಾಸಿ ಮಾಡ್ತೀನಿ ಅಂತ ಊರೆಲ್ಲಾ ಹುಚ್ಚು ಹಿಡಿಸಿದ್ದಾಗ ರಾಜ ಒಂದು ಸಮಿತಿ ಮಾಡ್ದ, ಅದ್ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ಲವೋಸಿಯೆ ತರದ ವಿಜ್ಞಾನಿಗಳು ಇದ್ರು. ಅವರು ಮಾಡಿದ್ದು ಸಿಂಪಲ್ಲು, ಜನರ ಕಣ್ಣಿಗೆ ಬಟ್ಟೆ ಕಟ್ಟಿದ್ರು. ಶಕ್ತಿ ಹಾಯಿಸ್ತಾ ಇದಾರೆ ಅಂತ ಸುಳ್ಳು ಹೇಳಿದಾಗ ಮೈ ನಡುಗ್ತು, ಗೊತ್ತಿಲ್ದಂಗೆ ನಿಜವಾಗಿ ಹಾಯಿಸಿದಾಗ ಏನೂ ಆಗ್ಲಿಲ್ಲ. ಇದನ್ನ ಓದ್ದಾಗೆಲ್ಲಾ ನಂಗೆ ನಮ್ಮ ಎಚ್. ನರಸಿಂಹಯ್ಯನೋರು ನೆನಪಾಗ್ತಾರೆ, ನಮ್ಮ ಗೌರಿಬಿದನೂರು ಕಡೆಯ ಹೊಸೂರಿನೋರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ 1976ರಲ್ಲಿ ಪವಾಡ ಪರೀಕ್ಷೆಗೆ ಸಮಿತಿ ಮಾಡಿದೋರು. ಕಣ್ಣಿಗೆ ಬಟ್ಟೆ ಕಟ್ಟಿ ನೋಡೋಣ ಅನ್ನೋ ಬುದ್ಧಿ ಪ್ಯಾರಿಸಿನೋರಿಗೆ ಮಾತ್ರ ಬಂದಿದ್ದಲ್ಲ.

ಈಗಿನ ಪ್ರಯೋಗಗಳಲ್ಲಿ ಬಟ್ಟೆ ಕಟ್ಟೋದು ಎರಡೂ ಕಡೆಗೆ, ರೋಗಿಗೂ ಡಾಕ್ಟ್ರಿಗೂ. ಯಾರಿಗೆ ನಿಜದ್ದು ಯಾರಿಗೆ ಸುಳ್ಳು ಅಂತ ಕಂಪ್ಯೂಟರ್ ಚೀಟಿ ಎತ್ತುತ್ತೆ, ಡಬ್ಬಿ ಮೇಲೆ ಬರೀ ನಂಬರ್. ಡಾಕ್ಟ್ರಿಗೆ ಯಾಕೆ ಗೊತ್ತಾಗ್ಬಾರ್ದು ಅಂದ್ರೆ, ಗೊತ್ತಿದ್ರೆ ನಿಜ ಮದ್ದಿನ ರೋಗಿನ ಜಾಸ್ತಿ ಮಾತಾಡಿಸ್ತಾರೆ, ಅಳೆಯೋವಾಗ ಒಂದು ಗೆರೆ ಮೇಲೆ ಬರೀತಾರೆ, ಬೇಕಂತ ಅಲ್ಲ, ಮನುಷ್ಯರು. ಏನಾದ್ರೂ ಎಡವಟ್ಟಾದ್ರೆ ಗುಟ್ಟು ಒಡೆದು ನೋಡಕ್ಕೆ ದಾರಿ ಇಟ್ಟಿರ್ತಾರೆ. ಫೈಜರ್ ಕೋವಿಡ್ ಲಸಿಕೆ ಪ್ರಯೋಗದಲ್ಲಿ ಲಸಿಕೆಗೂ ಉಪ್ಪುನೀರಿಗೂ ನೋಡಕ್ಕೇ ವ್ಯತ್ಯಾಸ ಇತ್ತು, ಹಂಗಾಗಿ ಸಿರಿಂಜ್ ತುಂಬೋರು, ಚುಚ್ಚೋರಿಗೆ ಮಾತ್ರ ಗೊತ್ತು, ಚುಚ್ಚಿಸ್ಕೊಂಡೋರಿಗೂ ಆಮೇಲೆ ಪರೀಕ್ಷೆ ಮಾಡೋರಿಗೂ ಗೊತ್ತಿರ್ಲಿಲ್ಲ.

ಗುಟ್ಟು ಕಾಪಾಡೋದು ಯಾವಾಗ್ಲೂ ಆಗಲ್ಲ. ಬಾಯಿ ಒಣಗಿಸೋ ಔಷಧಿ ಆದ್ರೆ ಬಾಯಿ ಒಣಗಿದೋನಿಗೆ ನಂಗೆ ನಿಜದ್ದೇ ಸಿಕ್ಕಿದೆ ಅಂತ ಹೊಳೆದುಬಿಡುತ್ತೆ. ಅಮೆರಿಕದಲ್ಲಿ ಎಂಡಿಎಂಎ ಅನ್ನೋ ನಶೆ ಪದಾರ್ಥವನ್ನ ಮಾನಸಿಕ ಆಘಾತಕ್ಕೆ ಔಷಧಿಯಾಗಿ ತರಕ್ಕೆ ಹೋದಾಗ 2024ರಲ್ಲಿ ಅಲ್ಲಿನ ಔಷಧ ಇಲಾಖೆ ಒಪ್ಪಿಗೆ ಕೊಡ್ಲಿಲ್ಲ, ಎದ್ದ ಪ್ರಶ್ನೆಗಳಲ್ಲಿ ಇದೂ ಒಂದು, ನಶೆ ಏರಿದೋನಿಗೆ ಯಾವ ಗುಂಪು ಅಂತ ಯಾರು ಹೇಳ್ಬೇಕು? ನಮ್ಮ ಕಷಾಯಗಳ ಕತೆನೂ ಅಷ್ಟೇ, ಕಹಿಬೇವು ಅಮೃತಬಳ್ಳಿ ವಾಸನೆ ರುಚಿ ಎರಡೂ ಇರೋ ಸುಳ್ಳು ಕಷಾಯ ಮಾಡೋದು ಎಂಥ ತಲೆನೋವು ಅಂತ ಯೋಚಿಸಿ. ಆಪರೇಷನ್ನಿಗೂ ಸುಳ್ಳು ಆಪರೇಷನ್ ಇಟ್ಟು ನೋಡಿದಾರೆ, 2002ರಲ್ಲಿ ಬಂದ ವರದಿ, ಮಂಡಿ ಸವೆತದ 180 ಜನ, ಕೆಲವರಿಗೆ ದುರ್ಬೀನು ಹಾಕಿ ಮಂಡಿ ಒಳಗೆ ತೊಳೆದು ಕೆರೆದ್ರು, ಕೆಲವರಿಗೆ ಬರೀ ಮೇಲೆ ಗೀರು ಹಾಕಿ ಹೊಲಿಗೆ ಹಾಕಿದ್ರು, ಎರಡು ವರ್ಷ ಆದ್ಮೇಲೂ ನೋವಲ್ಲಿ ವ್ಯತ್ಯಾಸ ಇಲ್ಲ.

ಈಗ ವಾಟ್ಸಾಪ್ ವಿಷ್ಯಕ್ಕೆ ಬರ್ತೀನಿ, ಇದನ್ನೆಲ್ಲಾ ಬರೆಯಕ್ಕೆ ಕೂತಿದ್ದೇ ಅದಕ್ಕೆ. ನಮ್ಮ ಗ್ರೂಪಲ್ಲಿ ಒಬ್ಬರೇ ಒಂದೇ ವಾರದಲ್ಲಿ ಎರಡು ಫಾರ್ವರ್ಡ್ ಹಾಕಿದ್ರು. ಒಂದು, ಯಾವ ಲಸಿಕೆನೂ ಪ್ಲಸೀಬೋ ಇಟ್ಟು ಪರೀಕ್ಷೆನೇ ಮಾಡಿಲ್ಲ. ಇನ್ನೊಂದು, ಲಸಿಕೆ ಪ್ರಯೋಗದಲ್ಲಿ ಅರ್ಧ ಜನಕ್ಕೆ ಬರೀ ನೀರು ಚುಚ್ಚಿ ಮೋಸ ಮಾಡಿದ್ರು. ಎರಡೂ ಒಟ್ಟಿಗೆ ಹೆಂಗೆ ನಿಜ ಆಗುತ್ತೆ ಅಂತ ಕೇಳ್ದೆ, ಉತ್ತರ ಬರ್ಲಿಲ್ಲ, ಗುಡ್ ಮಾರ್ನಿಂಗ್ ಫೋಟೋ ಬಂತು.

ಮೊದಲ ಫಾರ್ವರ್ಡಿನ ಬೇರು ಅಮೆರಿಕದಲ್ಲಿದೆ, 2025ರಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಇನ್ಮೇಲೆ ಎಲ್ಲಾ ಹೊಸ ಲಸಿಕೆಗೂ ಪ್ಲಸೀಬೋ ಪ್ರಯೋಗ ಆಗ್ಲೇಬೇಕು ಅಂತ ಹೇಳ್ತು. ಕೇಳಕ್ಕೆ ನ್ಯಾಯವಾಗೇ ಇದೆ. ಆದ್ರೆ ಇದುವರೆಗೆ ಆಗೇ ಇಲ್ಲ ಅನ್ನೋದು ಸುಳ್ಳು. 1954ರಲ್ಲಿ ಸಾಲ್ಕ್ ಅವರ ಪೋಲಿಯೋ ಲಸಿಕೆ ಪ್ರಯೋಗದಲ್ಲಿ ಸುಮಾರು 2 ಲಕ್ಷ ಮಕ್ಕಳಿಗೆ ಲಸಿಕೆ, ಹೆಚ್ಚುಕಮ್ಮಿ ಅಷ್ಟೇ ಮಕ್ಕಳಿಗೆ ಪ್ಲಸೀಬೋ ಚುಚ್ಚಿದ್ರು. ನಮ್ಮ ಕೋವ್ಯಾಕ್ಸಿನ್ ತಗೊಳ್ಳಿ, ಅದನ್ನ ಮಾಡಿದ ಭಾರತ್ ಬಯೋಟೆಕ್ ಘಟಕ ಮಾಲೂರಲ್ಲೂ ಇದೆ, ಪರಕೀಯ ಅಲ್ಲ. ಅದರ ಮೂರನೇ ಹಂತದಲ್ಲಿ 25,000ಕ್ಕೂ ಹೆಚ್ಚು ಜನ, ಅರ್ಧ ಅರ್ಧ. ಲೆಕ್ಕಕ್ಕೆ ತಗೊಂಡ ಸೋಂಕು 130. ಅದ್ರಲ್ಲಿ ಲಸಿಕೆ ಗುಂಪಲ್ಲಿ 24, ಪ್ಲಸೀಬೋ ಗುಂಪಲ್ಲಿ 106. ಲಸಿಕೆ ಏನೂ ಮಾಡದೇ ಇದ್ದಿದ್ರೆ ಆ ಕಡೆನೂ ಹತ್ತತ್ರ 106 ಇರ್ಬೇಕಿತ್ತು, 24 ಇದೆ, ಅಂದ್ರೆ ನಾಲ್ಕರಲ್ಲಿ ಮೂರಕ್ಕಿಂತ ಜಾಸ್ತಿ ತಪ್ಪಿದೆ, ಪ್ರಕಟ ಆದ ಅಂಕಿ 77.8 ಪರ್ಸೆಂಟ್. ಖಾಲಿ ಕ್ರೇಟ್ ಇಲ್ದೆ ಈ ಲೆಕ್ಕ ಹಾಕಕ್ಕೇ ಆಗಲ್ಲ, ಬರೀ 24 ಜನಕ್ಕೆ ಬಂತು ಅಂದ್ರೆ ಅದು ಜಾಸ್ತಿನೋ ಕಮ್ಮಿನೋ ಯಾರಿಗೆ ಗೊತ್ತು.

ಅದೇ ವರದೀಲಿ ಇನ್ನೊಂದು ಅಂಕಿ. ಅಡ್ಡಪರಿಣಾಮ ಆಯ್ತು ಅಂದೋರು ಲಸಿಕೆ ಗುಂಪಲ್ಲಿ 12.4 ಪರ್ಸೆಂಟ್, ಪ್ಲಸೀಬೋ ಗುಂಪಲ್ಲೂ 12.4 ಪರ್ಸೆಂಟ್. ಇಲ್ಲಿ ಲಸಿಕೆ ಪರ ಇರೋರೂ ಒಂದು ವಿಷ್ಯ ಮುಚ್ಚಿಡಬಾರ್ದು, ಆ ಪ್ಲಸೀಬೋದಲ್ಲಿ ಬರೀ ಉಪ್ಪುನೀರಿರ್ಲಿಲ್ಲ, ಲಸಿಕೆಗೆ ಚುರುಕು ಕೊಡಕ್ಕೆ ಸೇರಿಸೋ ಆಲಮ್ ಇತ್ತು, ವೈರಸ್ ಭಾಗ ಇರ್ಲಿಲ್ಲ. ಆಲಮ್ಮಿಂದ್ಲೇ ತೋಳು ಊದಬಹುದು. ಹಂಗಾಗಿ ಈ ಅಂಕಿ ವೈರಸ್ ಭಾಗದಿಂದ ಹೆಚ್ಚಿನ ತೊಂದ್ರೆ ಕಾಣ್ಲಿಲ್ಲ ಅಂತ ಹೇಳುತ್ತೆ, ಇಡೀ ಇಂಜೆಕ್ಷನ್ನಿಗೂ ನೀರಿಗೂ ವ್ಯತ್ಯಾಸ ಇಲ್ಲ ಅಂತ ಹೇಳಲ್ಲ. ಯಾವ ಕ್ರೇಟಿಂದ ಕಳೆದ್ರು ಅನ್ನೋದು ನೋಡ್ಲೇಬೇಕು. ಟೀಕೆ ಮಾಡೋರಲ್ಲಿ ಬುದ್ಧಿ ಇರೋರು ಹಿಡಿಯೋ ಎಳೆ ಇದೇ, ಅದು ನ್ಯಾಯವಾದ ಎಳೆ.

ಆದ್ರೆ ಎಲ್ಲಾ ಕಡೆ ಉಪ್ಪುನೀರೇ ಬೇಕು ಅಂತ ಹಠ ಹಿಡಿದ್ರೆ ಏನಾಗುತ್ತೆ? ದಡಾರಕ್ಕೆ ಒಳ್ಳೆ ಲಸಿಕೆ ಇದೆ. ನಾಳೆ ಸುಧಾರಿಸಿದ ದಡಾರ ಲಸಿಕೆ ಬಂದ್ರೆ ಅರ್ಧ ಮಕ್ಕಳಿಗೆ ನೀರು ಚುಚ್ಚಿ, ಯಾರಿಗೆ ದಡಾರ ಬರುತ್ತೆ ಅಂತ ಕಾಯ್ಬೇಕಾ? ನಿಮ್ಮ ಮಗೂನ ಆ ಗುಂಪಿಗೆ ಕೊಡ್ತೀರಾ? ಅಲ್ಲಿ ಹಳೇ ಲಸಿಕೆ ಜೊತೆ ಹೊಸದನ್ನ ತೂಗ್ತಾರೆ. ಟಿಬಿಗೂ ಹಂಗೇ, ಎಲ್ರಿಗೂ ಮಾಮೂಲಿ ಔಷಧಿ ಕೊಟ್ಟು ಅದರ ಮೇಲೆ ಒಬ್ಬರಿಗೆ ಹೊಸದು ಒಬ್ಬರಿಗೆ ಪ್ಲಸೀಬೋ ಸೇರಿಸ್ಬಹುದು, ಬರೀ ಪ್ಲಸೀಬೋ ಕೊಟ್ಟು ಕೂರೋದು ಕೊಲೆ. ಹೆಲ್ಸಿಂಕಿ ಘೋಷಣೆ ಅಂತ ವೈದ್ಯರ ಜಾಗತಿಕ ನಿಯಮ ಒಂದಿದೆ, 1964ರದ್ದು, ಅದ್ರಲ್ಲಿ 2000ದಿಂದೀಚೆಗೆ ಅತಿ ಜಾಸ್ತಿ ಜಗಳ ಆಗಿರೋ ವಿಷ್ಯಗಳಲ್ಲಿ ಇದೊಂದು: ಒಳ್ಳೆ ಚಿಕಿತ್ಸೆ ಇರೋವಾಗ ಪ್ಲಸೀಬೋ ಯಾವಾಗ ಸರಿ.

ಜಗಳ ಸುಮ್ನೆ ಬಂದಿದ್ದಲ್ಲ. 1997ರ ಹೊತ್ತಿಗೆ ಬಡ ದೇಶಗಳಲ್ಲಿ ತಾಯಿಯಿಂದ ಮಗುವಿಗೆ ಎಚ್‌ಐವಿ ಹರಡೋದನ್ನ ತಡೆಯೋ ಪ್ರಯೋಗಗಳಲ್ಲಿ ಕೆಲವು ಗರ್ಭಿಣಿಯರಿಗೆ ಪ್ಲಸೀಬೋ ಕೊಟ್ಟಿದ್ರು, ಶ್ರೀಮಂತ ದೇಶದಲ್ಲಿ ಆಗ್ಲೇ ಕೆಲಸ ಮಾಡೋ ಔಷಧಿ ಕೊಡ್ತಾ ಇದ್ದಾಗ. ನಮ್ಮಲ್ಲೂ ರೋಟಾವ್ಯಾಕ್, ಮಕ್ಕಳ ಭೇದಿಯ ಲಸಿಕೆ, ದೆಹಲಿ, ಪುಣೆ, ನಮಗೆ ಹತ್ರದ ವೆಲ್ಲೂರಲ್ಲಿ 6,799 ಕೂಸುಗಳ ಮೇಲೆ ಪ್ರಯೋಗ ಆಯ್ತು, ಮೂವರಲ್ಲಿ ಒಬ್ಬರಿಗೆ ಪ್ಲಸೀಬೋ. ಬೇರೆ ಕಂಪನಿ ಲಸಿಕೆ ಆಗ್ಲೇ ದುಡ್ಡಿರೋರಿಗೆ ಸಿಗ್ತಿತ್ತು, ಸರ್ಕಾರಿ ಕಾರ್ಯಕ್ರಮದಲ್ಲಿರ್ಲಿಲ್ಲ. ಸರೀನಾ ತಪ್ಪಾ? ನನ್ನ ಮಟ್ಟಿಗೆ ಸರಿ ಅನ್ನೋ ಕಡೆ ತಕ್ಕಡಿ ಸ್ವಲ್ಪ ವಾಲುತ್ತೆ, ಯಾಕಂದ್ರೆ ಅದರಿಂದ ಕಮ್ಮಿ ಬೆಲೆಯ ಲಸಿಕೆ ಬಂತು, ತೀವ್ರ ರೋಟಾವೈರಸ್ ಭೇದಿನ ಮೊದಲ ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ತಡೀತು, ಆಮೇಲೆ ಸರ್ಕಾರಿ ಕಾರ್ಯಕ್ರಮಕ್ಕೂ ಸೇರ್ತು. ಆದ್ರೆ ಪ್ಲಸೀಬೋ ಗುಂಪಿನ ಕೂಸಿನ ಅಪ್ಪ ಅಮ್ಮ ಬೇರೆ ತರ ತೂಗಿದ್ರೆ ಅವರನ್ನ ನಾನು ತಪ್ಪು ಅನ್ನಲ್ಲ.

ಎರಡ್ನೇ ಫಾರ್ವರ್ಡಿನ ಮೋಸದ ಮಾತು. ಮೋಸ ಅಂದ್ರೆ ಹೇಳದೆ ಮಾಡೋದು. ಪ್ರಯೋಗದಲ್ಲಿ ನಿಮಗೆ ನಿಜದ್ದು ಸಿಗಬಹುದು ಸುಳ್ಳೂ ಸಿಗಬಹುದು ಅಂತ ಮುಂಚೆನೇ ಹೇಳಿ, ನಿಮಗೆ ಅರ್ಥ ಆಗೋ ಭಾಷೇಲಿ ಬರೆದು ಸೈನ್ ತಗೋಬೇಕು, ಮಧ್ಯದಲ್ಲಿ ಬಿಟ್ಟು ಹೋಗೋ ಹಕ್ಕು ಇರ್ಬೇಕು. ನಮ್ಮ ದೇಶದ 2019ರ ಔಷಧ ಪ್ರಯೋಗ ನಿಯಮದಲ್ಲಿ ಪ್ಲಸೀಬೋ ಗುಂಪಲ್ಲಿದ್ದೋರಿಗೆ ಕೊಡಬೇಕಾದ ಮಾಮೂಲಿ ಚಿಕಿತ್ಸೆ ಕೊಡದೆ ತೊಂದ್ರೆ ಆದ್ರೆ ಪರಿಹಾರ ಕೊಡ್ಬೇಕು ಅಂತಲೇ ಇದೆ. ಸಿಟಿಆರ್‌ಐ ಅನ್ನೋ ಸರ್ಕಾರಿ ವೆಬ್‌ಸೈಟಲ್ಲಿ 2009ರಿಂದ ಪ್ರಯೋಗಗಳ ನೋಂದಣಿ ಕಡ್ಡಾಯ, ಯಾರು ಬೇಕಾದ್ರೂ ತೆಗೆದು ನೋಡಬಹುದು. ಕಾಗದದ ಮೇಲೆ ಇದೆ, ಓದಕ್ಕೆ ಬರದೋರ ಹೆಬ್ಬೆಟ್ಟು ಒತ್ತಿಸ್ಕೊಳ್ಳೋವಾಗ ಎಷ್ಟು ಬಿಡಿಸಿ ಹೇಳ್ತಾರೆ ಅನ್ನೋದ್ರಲ್ಲೇ ಎಲ್ಲಾ ಇರೋದು, ನನ್ನ ಅನುಮಾನನೂ ಅಲ್ಲೇ.

ಇನ್ನು ಇದೆಲ್ಲದರ ಉಲ್ಟಾ ಒಂದಿದೆ, ನೊಸೀಬೋ. ಕೆಟ್ಟದಾಗುತ್ತೆ ಅಂತ ಕಾಯ್ತಾ ಇದ್ರೆ ಕೆಟ್ಟದೇ ಅನ್ನಿಸೋದು. ಕೊಲೆಸ್ಟ್ರಾಲ್ ಮಾತ್ರೆ ಸ್ಟಾಟಿನ್ ಬಗ್ಗೆ ನನ್ನ ಅಂಗಡೀಲಿ ಇದು ವಾರಕ್ಕೊಂದು. ಪಕ್ಕದ ಬೀದಿಯ ಒಬ್ಬ ರಿಟೈರ್ಡ್ ಮೇಷ್ಟ್ರು ಹೃದಯಕ್ಕೆ ಸ್ಟೆಂಟ್ ಹಾಕ್ಸ್ಕೊಂಡೋರು, ವಿಡಿಯೋ ನೋಡಿ ಮಾತ್ರೆ ನಿಲ್ಲಿಸಿಬಿಟ್ಟಿದ್ರು, ತೊಡೆ ಸೆಳೆತ ಬರುತ್ತೆ ಅಂತ. ಅವರಿಗೆ ಲಂಡನ್ನಿನ ಪ್ರಯೋಗ ಹೇಳ್ದೆ, 2020ರಲ್ಲಿ ಪ್ರಕಟ ಆಗಿದ್ದು. ಮೇಷ್ಟ್ರ ತರನೇ ಅಡ್ಡಪರಿಣಾಮ ಅಂತ ಸ್ಟಾಟಿನ್ ಬಿಟ್ಟಿದ್ದ 60 ಜನ. ಒಬ್ಬೊಬ್ಬರಿಗೂ 12 ಡಬ್ಬಿ, ತಿಂಗಳಿಗೊಂದು. ನಾಲ್ಕರಲ್ಲಿ ಸ್ಟಾಟಿನ್, ನಾಲ್ಕರಲ್ಲಿ ಸುಳ್ಳು ಮಾತ್ರೆ, ನಾಲ್ಕು ಪೂರ್ತಿ ಖಾಲಿ. ದಿನಾ ಫೋನಲ್ಲಿ ತಮ್ಮ ತೊಂದ್ರೆಗೆ ತಾವೇ ನೂರಕ್ಕೆ ಮಾರ್ಕ್ಸ್ ಹಾಕ್ಬೇಕು. ಖಾಲಿ ಡಬ್ಬಿ ತಿಂಗಳಲ್ಲಿ ಸರಾಸರಿ 8, ಸ್ಟಾಟಿನ್ ತಿಂಗಳಲ್ಲಿ 16.3, ಸುಳ್ಳು ಮಾತ್ರೆ ತಿಂಗಳಲ್ಲಿ 15.4. ತೊಂದ್ರೆ ನಿಜ, ಆದ್ರೆ ಬಹುಪಾಲು ಬಂದಿದ್ದು ಮಾತ್ರೆ ನುಂಗ್ತಿದೀನಿ ಅನ್ನೋದ್ರಿಂದ, ಮಾತ್ರೇಲಿರೋ ಔಷಧಿಯಿಂದ ಅಲ್ಲ. ತಮ್ಮದೇ ಅಂಕಿ ನೋಡಿದ ಮೇಲೆ ಅವರಲ್ಲಿ ಅರ್ಧ ಜನ ಮತ್ತೆ ಸ್ಟಾಟಿನ್ ಶುರು ಮಾಡಿದ್ರು.

ಮೇಷ್ಟ್ರು ಕನ್ನಡಕ ತೆಗೆದು ಒರೆಸ್ಕೊಂಡು ಕೇಳಿದ್ರು, "ಹಂಗಾದ್ರೆ ನಂಗೂ ಹನ್ನೆರಡು ಡಬ್ಬಿ ಮಾಡ್ಕೊಡಪ್ಪಾ."

"ಆಗಲ್ಲ ಮೇಷ್ಟ್ರೇ, ನಾನೇ ತುಂಬಿ ನಾನೇ ಕೊಟ್ರೆ ನನ್ನ ಮುಖ ನೋಡೇ ಕಂಡುಹಿಡೀತೀರ. ಸ್ಟೆಂಟ್ ಹಾಕಿರೋರಿಗೆ ತಿಂಗಳುಗಟ್ಟಲೆ ಸುಳ್ಳು ಮಾತ್ರೆ ಕೊಡಕ್ಕೆ ನಾನ್ಯಾರು? ಅದನ್ನ ಡಾಕ್ಟ್ರು ನಿರ್ಧಾರ ಮಾಡ್ಬೇಕು. ಚೀಟಿ ಹಿಡ್ಕೊಂಡು ಹೋಗಿ ಬನ್ನಿ."

ಹೋಗಿ ಬಂದ್ರು. ಡಾಕ್ಟ್ರು ಡೋಸ್ ಕಮ್ಮಿ ಮಾಡಿ ಬೇರೆ ಸ್ಟಾಟಿನ್ ಬರೆದಿದ್ರು. ಶೀಟ್ ಕೊಟ್ಟೆ, ತಿರುಗಿಸಿ ನೋಡಿದ್ರು.

"ಇದ್ಯಾಕೆ ಬಿಳೀದು? ಮುಂಚೆ ಬೇರೆ ಬಣ್ಣ ಇತ್ತಲ್ಲಯ್ಯಾ?"